ಎನ್‌ಸಿಎಸ್, ಇಎಂಜಿ ಪರೀಕ್ಷೆಗೆ ಹೊರಡುವ ಮುನ್ನ: ಮಂಗಳೂರು, ಉಡುಪಿಯ ರೋಗಿಗಳಿಗೊಂದು ಸಮಗ್ರ ಮಾರ್ಗದರ್ಶಿ

ವೈದ್ಯರು ಚೀಟಿಯಲ್ಲಿ ‘ಎನ್‌ಸಿಎಸ್, ಇಎಂಜಿ’ ಎಂದು, ಅಂದರೆ ನರ ಮತ್ತು ಸ್ನಾಯುಗಳ ಪರೀಕ್ಷೆಯನ್ನು, ಬರೆದುಕೊಟ್ಟರೆ ಕೆಲವರಿಗೆ ಅಂದು ರಾತ್ರಿ ನಿದ್ದೆ ಬರುವುದಿಲ್ಲ. ಇನ್ನು ಕೆಲವರು ರಕ್ತ ಕೊಟ್ಟು ಬಂದಷ್ಟೇ ಸಲೀಸು ಎಂದುಕೊಂಡು ಪೇಟೆಯ ಬೇರೆ ಕೆಲಸಗಳ ನಡುವೆ ಹತ್ತು ನಿಮಿಷ ಬಿಡುವು ಮಾಡಿಕೊಂಡು ಬರುತ್ತಾರೆ. ಮಂಗಳೂರಿನ ಆಸ್ಪತ್ರೆಯೊಂದರಲ್ಲಿ ಈ ಯಂತ್ರದ ಎದುರು ಕುಳಿತು ಕೆಲಸ ಮಾಡುವ ನನಗೆ ಎರಡೂ ಬಗೆಯವರು ಪರಿಚಿತರು. ಹೆದರುವಂಥದ್ದು ಇದರಲ್ಲಿ ಏನೂ ಇಲ್ಲ. ಆದರೆ ತಯಾರಿ ಬೇಕು. ರಕ್ತಪರೀಕ್ಷೆಯಲ್ಲಿ ರೋಗಿ ಕೈ ಚಾಚಿದರೆ ಮುಗಿಯಿತು. ಇಲ್ಲಿ ನೀವು ಬಂದ ದಿನ, ತಂದ ಚೀಟಿ, ನಿಮ್ಮ ಅಂಗೈಯ ಬಿಸಿ, ನೀವು ಹೇಳುವ ಮಾತು ಎಲ್ಲವೂ ಫಲಿತಾಂಶದೊಳಗೆ ಸೇರುತ್ತವೆ.

ಎರಡು ಪರೀಕ್ಷೆಗಳು, ಒಂದೇ ಕೋಣೆ

ಎನ್‌ಸಿಎಸ್ ಎಂದರೆ ನರದಲ್ಲಿ ಸಂದೇಶ ಎಷ್ಟು ವೇಗವಾಗಿ, ಎಷ್ಟು ಬಲವಾಗಿ ಸಾಗುತ್ತದೆ ಎಂದು ಅಳೆಯುವ ಪರೀಕ್ಷೆ. ಕೆಲವು ಚೀಟಿಗಳಲ್ಲಿ ಇದನ್ನೇ ಎನ್‌ಸಿವಿ ಎಂದು ಬರೆದಿರುತ್ತಾರೆ. ಚರ್ಮದ ಮೇಲೆ ಎಲೆಕ್ಟ್ರೋಡ್ ಅಂಟಿಸಿ, ನರ ಹಾದುಹೋಗುವ ಜಾಗದಲ್ಲಿ ಸಣ್ಣ ಕರೆಂಟ್ ಕೊಡುತ್ತೇವೆ. ಸಾಮಾನ್ಯವಾಗಿ ಇದನ್ನು ತಂತ್ರಜ್ಞರು ಮಾಡುತ್ತಾರೆ. ಇಎಂಜಿಯಲ್ಲಿ ಕರೆಂಟ್ ಇಲ್ಲ. ತೆಳುವಾದ ಸೂಜಿಯನ್ನು ಸ್ನಾಯುವಿನೊಳಗೆ ಇಳಿಸಿ, ಸ್ನಾಯುವಿನಲ್ಲೇ ಹುಟ್ಟುವ ವಿದ್ಯುತ್ತನ್ನು ಆಲಿಸುತ್ತಾರೆ. ಅದು ವೈದ್ಯರ ಕೆಲಸ. ಎಲ್ಲರಿಗೂ ಎರಡೂ ಬೇಕಾಗುವುದಿಲ್ಲ. ಮೊದಲನೆಯದರ ಫಲಿತಾಂಶ ನೋಡಿ ಎರಡನೆಯದನ್ನು ಬಿಟ್ಟುಬಿಡುವುದೂ ಉಂಟು.

ನರದ ವೇಗವನ್ನು ಮೊದಲು ಅಳೆದವರು ಜರ್ಮನಿಯ ಹೆಲ್ಮ್‌ಹೋಲ್ಟ್ಸ್, 1850ರಲ್ಲಿ, ಕಪ್ಪೆಯ ನರದ ಮೇಲೆ. ಅಲ್ಲಿಯವರೆಗೆ ನರದ ಸಂದೇಶ ಅಳತೆಗೆ ಸಿಗದಷ್ಟು ವೇಗವಾಗಿ ಹೋಗುತ್ತದೆ ಎಂದೇ ದೊಡ್ಡ ದೊಡ್ಡ ವಿದ್ವಾಂಸರು ನಂಬಿದ್ದರು. ಇಂದು ನಾವು ಅಳತೆಪಟ್ಟಿ ಹಿಡಿದು ಮಾಡುವ ಲೆಕ್ಕದ ಮೂಲ ಅಲ್ಲಿದೆ.

ಒಂದನೇ ಹೆಜ್ಜೆ: ಸರಿಯಾದ ದಿನ ನಿಗದಿ ಮಾಡಿಕೊಳ್ಳಿ

ಹೆಚ್ಚಿನವರು ಗಮನಿಸದ ಸಂಗತಿ ಇದು. ಮರದಿಂದ ಬಿದ್ದು ಭುಜದ ನರಕ್ಕೆ ಪೆಟ್ಟಾದವರನ್ನು ಮನೆಯವರು ಮರುದಿನವೇ ‘ನರದ ಟೆಸ್ಟ್ ಮಾಡಿಸಿಬಿಡೋಣ’ ಎಂದು ಕರೆತರುತ್ತಾರೆ. ತುಂಡಾದ ನರದ ಕೆಳಭಾಗ ತಕ್ಷಣ ಸಾಯುವುದಿಲ್ಲ. ಪೆಟ್ಟು ಬಿದ್ದ ಜಾಗಕ್ಕಿಂತ ಕೆಳಗೆ ಕರೆಂಟ್ ಕೊಟ್ಟರೆ ಮೊದಲ ಕೆಲವು ದಿನ ಅದು ಚೆನ್ನಾಗಿಯೇ ಉತ್ತರಿಸುತ್ತದೆ. ಚಲನೆಯ ತಂತುಗಳು ಸುಮಾರು ಒಂದು ವಾರದಲ್ಲಿ, ಸ್ಪರ್ಶದ ತಂತುಗಳು ಹತ್ತು ಹನ್ನೊಂದು ದಿನಗಳಲ್ಲಿ ಉತ್ತರ ನಿಲ್ಲಿಸುತ್ತವೆ. ನರ ಕಳೆದುಕೊಂಡ ಸ್ನಾಯು ಸೂಜಿಯಲ್ಲಿ ತನ್ನ ಗುರುತು ತೋರಿಸಲು ಎರಡರಿಂದ ಮೂರು ವಾರ ಬೇಕು. ಹಾಗಾಗಿ ಪೆಟ್ಟಿನ ಪ್ರಕರಣಗಳಲ್ಲಿ ಮೂರು ವಾರ ಕಾದು ಮಾಡಿದ ಪರೀಕ್ಷೆಗೇ ಹೆಚ್ಚು ಬೆಲೆ. ಬೇಗ ಮಾಡಲು ವೈದ್ಯರಿಗೆ ಬೇರೆ ಕಾರಣವಿದ್ದರೆ ಅವರೇ ಹೇಳುತ್ತಾರೆ. ನೀವಾಗಿ ಅವಸರ ಮಾಡಬೇಡಿ.

ಇದಕ್ಕೆ ತದ್ವಿರುದ್ಧವಾದ ಸಂದರ್ಭವೂ ಇದೆ, ಅದನ್ನು ದಯವಿಟ್ಟು ನೆನಪಿಡಿ. ಪಾದದಿಂದ ಶುರುವಾದ ಬಲಹೀನತೆ ಕೆಲವೇ ದಿನಗಳಲ್ಲಿ ಮೊಣಕಾಲು, ತೊಡೆ ಎಂದು ಮೇಲೇರುತ್ತಿದ್ದರೆ, ನುಂಗಲು ಅಥವಾ ಉಸಿರಾಡಲು ಕಷ್ಟವಾಗುತ್ತಿದ್ದರೆ, ಅಪಾಯಿಂಟ್‌ಮೆಂಟ್‌ಗೆ ಕಾಯುತ್ತ ಕೂರಬೇಡಿ. ನೇರವಾಗಿ ತುರ್ತು ಚಿಕಿತ್ಸಾ ವಿಭಾಗಕ್ಕೆ ಹೋಗಿ. ಗಿಲನ್ ಬಾರೆ ಎಂಬ ಕಾಯಿಲೆ ಹೀಗೆಯೇ ಬರುತ್ತದೆ. ಮೊದಲ ವಾರದಲ್ಲಿ ನಮ್ಮ ಪರೀಕ್ಷೆ ಸಹಜ ಎಂದು ತೋರಿಸಿದರೂ ಆ ಕಾಯಿಲೆ ಇರಬಹುದು. ವೈದ್ಯರು ರೋಗಿಯನ್ನು ನೋಡಿಯೇ ಚಿಕಿತ್ಸೆ ಆರಂಭಿಸಿ, ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿಸುತ್ತಾರೆ.

ಎರಡನೇ ಹೆಜ್ಜೆ: ಚೀಟಿಯಲ್ಲಿ ಪ್ರಶ್ನೆ ಇದೆಯೇ ನೋಡಿ

ಮೈಯಲ್ಲಿರುವ ಎಲ್ಲ ನರಗಳನ್ನೂ ಪರೀಕ್ಷಿಸಲಾಗುವುದಿಲ್ಲ. ಯಾವುದನ್ನು ನೋಡಬೇಕು ಎಂಬುದು ವೈದ್ಯರ ಅನುಮಾನವನ್ನು ಅವಲಂಬಿಸಿದೆ. ‘ನಾಲ್ಕೂ ಕೈಕಾಲುಗಳ ಎನ್‌ಸಿಎಸ್’ ಎಂದಷ್ಟೇ ಬರೆದ ಚೀಟಿಗಿಂತ ‘ಬಲಗೈ ಜೋಮು, ಆರು ತಿಂಗಳಿಂದ, ಮಣಿಕಟ್ಟಿನಲ್ಲಿ ನರ ಒತ್ತಿಕೊಂಡಿದೆಯೇ ಅಥವಾ ಕುತ್ತಿಗೆಯಿಂದಲೇ ಬಂದದ್ದೇ’ ಎಂದು ಬರೆದ ಚೀಟಿ ನೂರು ಪಾಲು ಮೇಲು. ವೈದ್ಯರ ಎದುರು ಇರುವಾಗಲೇ ‘ಯಾವ ಅನುಮಾನಕ್ಕೆ ಈ ಪರೀಕ್ಷೆ, ಅದನ್ನೂ ಚೀಟಿಯಲ್ಲಿ ಬರೆಯುತ್ತೀರಾ’ ಎಂದು ಕೇಳಿ. ಅದು ನಿಮ್ಮ ಹಕ್ಕು. ಯಾವ ಒಳ್ಳೆಯ ವೈದ್ಯರೂ ಇದಕ್ಕೆ ಬೇಸರಿಸಿಕೊಳ್ಳುವುದಿಲ್ಲ.

ಮಂಗಳೂರಿನಲ್ಲೂ ಮಣಿಪಾಲದಲ್ಲೂ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಿರುವುದರಿಂದ ನಮ್ಮ ಜಿಲ್ಲೆಗಳವರು ಈ ಪರೀಕ್ಷೆಗಾಗಿ ಬೆಂಗಳೂರಿಗೆ ಓಡಬೇಕಾಗಿಲ್ಲ. ಕುಂದಾಪುರ, ಕಾರ್ಕಳದ ಕಡೆಯವರಿಗೆ ಮಣಿಪಾಲ ಹತ್ತಿರ. ಬಂಟ್ವಾಳ, ಪುತ್ತೂರಿನವರಿಗೆ ಮಂಗಳೂರು. ಹೊರಡುವ ಮೊದಲು ಫೋನ್ ಮಾಡಿ ಮೂರು ಸಂಗತಿ ಕೇಳಿಕೊಳ್ಳಿ: ಸೂಜಿಯ ಪರೀಕ್ಷೆ ಮಾಡುವ ವೈದ್ಯರು ಆ ದಿನ ಇರುತ್ತಾರೆಯೇ, ದರ ಎರಡೂ ಪರೀಕ್ಷೆಗೆ ಸೇರಿ ಹೇಳಿದ್ದೋ ಬೇರೆ ಬೇರೆಯೋ, ನಿಮ್ಮಲ್ಲಿರುವ ಸರ್ಕಾರಿ ಯೋಜನೆಯ ಕಾರ್ಡ್ ಅಥವಾ ವಿಮೆ ಅಲ್ಲಿ ನಡೆಯುತ್ತದೆಯೇ. ಬೆಳಗ್ಗಿನ ಮೊದಲ ಬಸ್ಸಿನಲ್ಲಿ ಸುಳ್ಯದಿಂದ ಬಂದವರು ‘ಡಾಕ್ಟರು ಇಂದು ರಜೆ’ ಎಂದು ಕೇಳಿ ವಾಪಸಾಗುವುದನ್ನು ನೋಡಿದರೆ ಸಂಕಟವಾಗುತ್ತದೆ.

ಮೂರನೇ ಹೆಜ್ಜೆ: ಮನೆಯಲ್ಲೇ ಮಾಡಬೇಕಾದದ್ದು

ಉಪವಾಸ ಬೇಡ. ತಿಂಡಿ ತಿನ್ನಿ, ಚಹಾ ಕುಡಿಯಿರಿ. ಸಕ್ಕರೆ ಕಾಯಿಲೆಯವರು ಹೊಟ್ಟೆ ಖಾಲಿ ಇಟ್ಟುಕೊಂಡು ಮಾತ್ರೆ ನುಂಗಿ ಬಂದು ಇಲ್ಲಿ ತಲೆ ಸುತ್ತಿ ಬೀಳುವುದು ಬೇಡ. ಬೆಳಗ್ಗೆ ಸೋಪು ಹಚ್ಚಿ ಸ್ನಾನ ಮಾಡಿ, ನಂತರ ಕೈಕಾಲಿಗೆ ಏನನ್ನೂ ಹಚ್ಚಬೇಡಿ. ನಮ್ಮ ಕಡೆ ಇದನ್ನು ಒತ್ತಿ ಹೇಳಲೇಬೇಕು: ತೆಂಗಿನೆಣ್ಣೆ, ನೋವಿನ ತೈಲ, ಬಾಮ್ ಯಾವುದೂ ಬೇಡ. ಎಣ್ಣೆಯ ಮೇಲೆ ಎಲೆಕ್ಟ್ರೋಡ್ ಅಂಟುವುದಿಲ್ಲ, ಕರೆಂಟ್ ಸರಿಯಾಗಿ ಒಳಗಿಳಿಯುವುದಿಲ್ಲ. ಆಗ ಅದೇ ಉತ್ತರ ಪಡೆಯಲು ನಾವು ಕರೆಂಟ್ ಏರಿಸಬೇಕಾಗುತ್ತದೆ, ನೋವು ನಿಮಗೆ.

ತೋಳನ್ನು ಭುಜದವರೆಗೆ, ಕಾಲನ್ನು ಮೊಣಕಾಲಿನ ಮೇಲಿನವರೆಗೆ ಸರಿಸಲು ಬರುವಂಥ ಸಡಿಲ ಬಟ್ಟೆ ಧರಿಸಿ. ಉಂಗುರ, ವಾಚು, ಚಿನ್ನದ ಬಳೆಗಳನ್ನು ಮನೆಯಲ್ಲೇ ಬಿಟ್ಟು ಬನ್ನಿ. ಗಾಜಿನ ಬಳೆ ತೆಗೆಯಲು ಮನಸ್ಸಿಲ್ಲದವರು ಹೇಳಿದರೆ ಮೇಲಕ್ಕೆ ಸರಿಸಿ ಬಟ್ಟೆ ಕಟ್ಟಿ ಕೆಲಸ ಮಾಡಬಹುದು. ಕರಿಮಣಿ ಸರಕ್ಕೆ ಸಾಮಾನ್ಯವಾಗಿ ತೊಂದರೆ ಇಲ್ಲ.

ಇನ್ನು ಹೇಳಲೇಬೇಕಾದ ಸಂಗತಿಗಳು. ನಾವು ಕೇಳಲು ಮರೆತರೂ ನೀವು ಹೇಳಬೇಕು.

ರಕ್ತ ತೆಳುವಾಗಿಸುವ ಮಾತ್ರೆ, ಅದರಲ್ಲೂ ಹೃದಯದ ಕವಾಟದ ಶಸ್ತ್ರಚಿಕಿತ್ಸೆಯಾದವರು ತೆಗೆದುಕೊಳ್ಳುವ ವಾರ್ಫರಿನ್, ಇದ್ದರೆ ಮೊದಲೇ ತಿಳಿಸಿ. ಈ ಪರೀಕ್ಷೆಗಾಗಿ ನೀವಾಗಿಯೇ ಮಾತ್ರೆ ನಿಲ್ಲಿಸುವುದು ಪರೀಕ್ಷೆಗಿಂತ ಹೆಚ್ಚು ಅಪಾಯದ್ದು. ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ತೋರಿಸುವ ಐಎನ್‌ಆರ್ ಪರೀಕ್ಷೆಯ ಇತ್ತೀಚಿನ ವರದಿ ತಂದರೆ ಸೂಜಿ ಎಲ್ಲೆಲ್ಲಿ ಹಾಕಬಹುದು ಎಂದು ವೈದ್ಯರು ನಿರ್ಧರಿಸುತ್ತಾರೆ. ಪೇಸ್‌ಮೇಕರ್ ಇದ್ದವರಿಗೂ ಮಾಮೂಲಿ ಎನ್‌ಸಿಎಸ್ ಮಾಡಬಹುದು, ಆದರೆ ಅದು ಇದೆ ಎಂದು ಗೊತ್ತಿದ್ದರೆ ಕರೆಂಟ್ ಕೊಡುವ ಜಾಗವನ್ನು ಎಚ್ಚರದಿಂದ ಆರಿಸುತ್ತೇವೆ. ಡಯಾಲಿಸಿಸ್‌ಗೆ ಫಿಸ್ಟುಲಾ (ರಕ್ತನಾಳಗಳ ಜೋಡಣೆ) ಮಾಡಿಸಿಕೊಂಡ ಕೈ, ಸ್ತನದ ಶಸ್ತ್ರಚಿಕಿತ್ಸೆಯ ನಂತರ ಬಾವು ಬಂದ ಕೈ, ಚರ್ಮದಲ್ಲಿ ಕೀವು ಇರುವ ಜಾಗ: ಇಲ್ಲೆಲ್ಲ ಸೂಜಿ ಹಾಕುವುದನ್ನು ತಪ್ಪಿಸುತ್ತೇವೆ.

ಮಯಸ್ತೇನಿಯಾ, ಅಂದರೆ ಸಂಜೆಯಾಗುತ್ತ ರೆಪ್ಪೆ ಜೋಲುವ, ಅಗಿಯುತ್ತ ಅಗಿಯುತ್ತ ದವಡೆ ಸೋಲುವ ಕಾಯಿಲೆಯ ಅನುಮಾನವಿದ್ದರೆ ಬೇರೊಂದು ಬಗೆಯ ಪರೀಕ್ಷೆ ಮಾಡುತ್ತೇವೆ. ಸೆಕೆಂಡಿಗೆ ಎರಡು ಮೂರು ಸಲದಂತೆ ಒಂದೇ ನರಕ್ಕೆ ಮತ್ತೆ ಮತ್ತೆ ಕರೆಂಟ್ ಕೊಟ್ಟು, ಸ್ನಾಯುವಿನ ಉತ್ತರ ಶೇ 10ಕ್ಕಿಂತ ಹೆಚ್ಚು ಕುಗ್ಗುತ್ತದೆಯೇ ಎಂದು ನೋಡುವುದು. ಈ ಕಾಯಿಲೆಗೆ ಕೊಡುವ ಪಿರಿಡೋಸ್ಟಿಗ್ಮಿನ್ ಮಾತ್ರೆ ನುಂಗಿ ಬಂದರೆ ಆ ಕುಗ್ಗುವಿಕೆ ಮರೆಯಾಗಬಹುದು. ಮಾತ್ರೆಯನ್ನು ಎಷ್ಟು ಗಂಟೆ ಮೊದಲು ನಿಲ್ಲಿಸಬೇಕು, ನಿಲ್ಲಿಸುವುದು ನಿಮಗೆ ಸುರಕ್ಷಿತವೇ ಎಂಬುದನ್ನು ನಿಮ್ಮ ವೈದ್ಯರೇ ಹೇಳಬೇಕು.

ಸ್ನಾಯುವಿನ ಕಾಯಿಲೆಯ ಅನುಮಾನವಿದ್ದವರಿಗೆ ಸಿಕೆ ಎಂಬ ರಕ್ತಪರೀಕ್ಷೆಯನ್ನೂ ಬರೆದಿರುತ್ತಾರೆ; ಸ್ನಾಯುವಿಗೆ ಪೆಟ್ಟಾದರೆ ರಕ್ತದಲ್ಲಿ ಏರುವ ಅಂಶವದು. ಆ ರಕ್ತವನ್ನು ಸೂಜಿಯ ಪರೀಕ್ಷೆಗೆ ಮೊದಲೇ ಕೊಟ್ಟುಬಿಡಿ. ಸೂಜಿ ಚುಚ್ಚಿದ ಮೇಲೆ ಸಿಕೆ ಸ್ವಲ್ಪ ಏರಬಹುದು, ಸುಮ್ಮನೆ ಗೊಂದಲ.

ಮೈಮೇಲೆ ತಿಳಿಬಣ್ಣದ, ಮುಟ್ಟಿದರೆ ತಿಳಿಯದ ಮಚ್ಚೆ ಇದ್ದರೆ ಸಂಕೋಚಪಡದೆ ತೋರಿಸಿ. ಕುಷ್ಠರೋಗ ಇನ್ನೂ ನಮ್ಮ ನಡುವೆ ಇದೆ. ಮೊಣಕೈ ಹಿಂದಿನ ನರವನ್ನು ದಪ್ಪವಾಗಿಸಿ ಕಿರುಬೆರಳಿನ ಸ್ಪರ್ಶ ಕೆಡಿಸುವುದು ಅದರ ಒಂದು ಬಗೆ. ಪೂರ್ತಿ ವಾಸಿಯಾಗುವ ಕಾಯಿಲೆ, ಔಷಧಿ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಮುಚ್ಚಿಟ್ಟರೆ ಬೆರಳು ಮಡಚಿಕೊಂಡೇ ಉಳಿಯುತ್ತದೆ.

ನಾಲ್ಕನೇ ಹೆಜ್ಜೆ: ಕೈಕಾಲು ಬೆಚ್ಚಗಿರಲಿ

ಕರಾವಳಿಯಲ್ಲಿ ಚಳಿ ಎಲ್ಲಿದೆ ಎಂದು ಕೇಳುತ್ತಾರೆ. ಜುಲೈ ತಿಂಗಳಲ್ಲಿ ಬಸ್ಸಿನ ಕಿಟಕಿಯಿಂದ ಎರಚಲು ಹೊಡೆಸಿಕೊಂಡು, ನೆನೆದ ಚಪ್ಪಲಿಯಲ್ಲಿ ಬಂದು, ಎಸಿ ಹಾಕಿದ ಕೋಣೆಯ ಹೊರಗೆ ಒಂದು ತಾಸು ಕಾದವರ ಪಾದ ಮುಟ್ಟಿದರೆ ಉತ್ತರ ಸಿಗುತ್ತದೆ. ತಣ್ಣಗಿರುವ ನರ ನಿಧಾನವಾಗುತ್ತದೆ. ಒಂದು ಡಿಗ್ರಿ ಇಳಿದರೆ ನರದ ವೇಗ ಸೆಕೆಂಡಿಗೆ ಸುಮಾರು 2 ಮೀಟರ್ ಕಡಿಮೆಯಾಗುತ್ತದೆ. ಕೈಯ ಚರ್ಮ 32 ಡಿಗ್ರಿ ಸೆಲ್ಸಿಯಸ್‌ನಷ್ಟಾದರೂ ಇರಬೇಕೆಂದು ನೋಡಿಕೊಳ್ಳುವುದು ಇದಕ್ಕೇ. ಐದು ಡಿಗ್ರಿ ತಣ್ಣಗಿರುವ ಆರೋಗ್ಯವಂತ ಕೈ ಕಾಗದದ ಮೇಲೆ ಕಾಯಿಲೆಯ ಕೈಯಾಗಿ ಕಾಣಬಹುದು. ಆ ತಪ್ಪು ವರದಿ ಹಿಡಿದು ಮಣಿಕಟ್ಟಿನ ಶಸ್ತ್ರಚಿಕಿತ್ಸೆಯ ಮಾತು ಶುರುವಾದರೆ ಎಷ್ಟು ಅನ್ಯಾಯ! ಮಯಸ್ತೇನಿಯಾದಲ್ಲಿ ಇದಕ್ಕೆ ವಿರುದ್ಧ: ತಣ್ಣಗಿರುವ ಸ್ನಾಯು ಕಾಯಿಲೆಯನ್ನೇ ಅಡಗಿಸಿಬಿಡುತ್ತದೆ.

ಮಳೆಗಾಲದಲ್ಲಿ ಒಂದು ಜೊತೆ ಒಣ ಕಾಲುಚೀಲ, ಒಂದು ಟವೆಲ್ ಚೀಲದಲ್ಲಿರಲಿ. ಕೋಣೆಗೆ ಬಂದ ಕೂಡಲೇ ‘ನನ್ನ ಕೈ ತಣ್ಣಗಿದೆ’ ಎಂದು ಹೇಳಿ. ಬಿಸಿನೀರಿನಲ್ಲಿ ಕೈಯಿಟ್ಟು ಬೆಚ್ಚಗಾದ ಮೇಲೆ ಶುರು ಮಾಡೋಣ. ಹತ್ತು ಹದಿನೈದು ನಿಮಿಷ ತಡವಾದರೂ ಅದು ವ್ಯರ್ಥವಲ್ಲ.

ಐದನೇ ಹೆಜ್ಜೆ: ಕರೆಂಟಿನ ಭಾಗ

‘ಶಾಕ್ ಕೊಡುತ್ತೀರಂತಲ್ಲ ಮಾರಾಯರೇ’ ಎಂದು ಕೇಳದವರು ಕಡಿಮೆ. ಕೊಡುತ್ತೇವೆ, ನಿಜ. ಒಂದೊಂದೂ ಸೆಕೆಂಡಿನ ಹತ್ತು ಸಾವಿರದಲ್ಲಿ ಒಂದೆರಡು ಭಾಗದಷ್ಟು ಹೊತ್ತು ಮಾತ್ರ. ಚುರುಕ್ ಎನ್ನುತ್ತದೆ, ಬೆರಳು ತಾನಾಗಿ ಹಾರುತ್ತದೆ, ಮುಗಿಯಿತು. ಸಣ್ಣದರಿಂದ ಶುರು ಮಾಡಿ, ಉತ್ತರ ಇನ್ನು ಬೆಳೆಯುವುದಿಲ್ಲ ಎನ್ನುವ ಮಟ್ಟದವರೆಗೆ ಏರಿಸಿ, ಅದಕ್ಕಿಂತ ಸ್ವಲ್ಪ ಮೇಲೆ ನಿಲ್ಲಿಸುತ್ತೇವೆ. ನರದ ಎಲ್ಲ ತಂತುಗಳೂ ಎದ್ದಿವೆ ಎಂಬ ಖಾತ್ರಿ ಅದರಿಂದ ಸಿಗುತ್ತದೆ. ಗರ್ಭಿಣಿಯರಿಗೂ ಮಕ್ಕಳಿಗೂ ಇದನ್ನು ಮಾಡುತ್ತಾರೆ. ಸಹಿಸಲಾಗದಿದ್ದರೆ ‘ಸ್ವಲ್ಪ ನಿಲ್ಲಿಸಿ’ ಎನ್ನಿ, ನಿಲ್ಲಿಸುತ್ತೇವೆ. ಹಲ್ಲು ಕಚ್ಚಿ ಮೈಯೆಲ್ಲ ಬಿಗಿಹಿಡಿದರೆ ಪರದೆಯ ಮೇಲಿನ ಗೆರೆ ಕದಡಿ, ಅದನ್ನೇ ಮತ್ತೆ ಮಾಡಬೇಕಾಗುತ್ತದೆ.

ಒಂದು ಕೈಯನ್ನು ಹತ್ತಿರದಿಂದ ನೋಡೋಣ. ವರ್ಷಗಟ್ಟಲೆ ಮಡಿಲಲ್ಲಿ ತಡ್ಪೆ ಇಟ್ಟುಕೊಂಡು ಬೀಡಿ ಕಟ್ಟಿದ ಹೆಂಗಸಿನ ಬಲಗೈ ಎಂದಿಟ್ಟುಕೊಳ್ಳಿ. ರಾತ್ರಿ ಎರಡು ಗಂಟೆಗೆ ಜೋಮು ಹಿಡಿದು ಎಚ್ಚರವಾಗುತ್ತದೆ, ಕೈ ಕೊಡವಿದರೆ ಸರಿಯಾಗುತ್ತದೆ. ಹೆಬ್ಬೆರಳಿನ ಬುಡದ ಉಬ್ಬಿನ ಮೇಲೆ ಎಲೆಕ್ಟ್ರೋಡ್ ಅಂಟಿಸಿ, ಅಲ್ಲಿಂದ ಏಳು ಸೆಂಟಿಮೀಟರ್ ಹಿಂದೆ ಮಣಿಕಟ್ಟಿನಲ್ಲಿ, ಹೆಬ್ಬೆರಳಿನ ಕಡೆಗೆ ಹೋಗುವ ಮೀಡಿಯನ್ ನರಕ್ಕೆ ಕರೆಂಟ್ ಕೊಟ್ಟೆವು. ಉತ್ತರ ಬರಲು 5.2 ಮಿಲಿಸೆಕೆಂಡ್ ಹಿಡಿಯಿತು. ಸುಮಾರು 4.4ರ ಒಳಗೆ ಬರಬೇಕಿತ್ತು. ಈಗ ಮೊಣಕೈ ಮಡಿಕೆಯಲ್ಲಿ ಕರೆಂಟ್ ಕೊಟ್ಟೆವು: 9.6 ಮಿಲಿಸೆಕೆಂಡ್. ಎರಡು ಜಾಗಗಳ ನಡುವೆ ಅಳತೆಪಟ್ಟಿ ಇಟ್ಟರೆ 22 ಸೆಂಟಿಮೀಟರ್. ಅಷ್ಟು ದೂರಕ್ಕೆ ಹಿಡಿದದ್ದು 9.6ರಲ್ಲಿ 5.2 ಕಳೆದರೆ 4.4 ಮಿಲಿಸೆಕೆಂಡ್, ಅಂದರೆ ಸೆಕೆಂಡಿಗೆ 50 ಮೀಟರ್. ಮುಂಗೈಯಲ್ಲಿ ನರ ಚೆನ್ನಾಗಿಯೇ ಓಡುತ್ತಿದೆ, ತಡವಾಗುತ್ತಿರುವುದು ಮಣಿಕಟ್ಟಿನಿಂದ ಮುಂದೆ. ಅದೇ ಕೈಯ ಕಿರುಬೆರಳಿನ ಕಡೆಯ ಅಲ್ನಾರ್ ನರ ಸರಿಯಾಗಿದ್ದರೆ ಮೈಯ ಎಲ್ಲ ನರಗಳೂ ಕೆಟ್ಟಿಲ್ಲ ಎಂದಾಯಿತು. ಮಣಿಕಟ್ಟಿನಲ್ಲಿ ನರ ಒತ್ತಿಕೊಳ್ಳುವ ಕಾರ್ಪಲ್ ಟನಲ್ ತೊಂದರೆ ಎಂದರೆ ಇದೇ. ಇನ್ನೂ ಆರಂಭದ ಹಂತದಲ್ಲಿದ್ದರೆ ಈ ಅಳತೆಯೂ ಸಹಜವಾಗಿರುತ್ತದೆ. ಆಗ ಉಂಗುರ ಬೆರಳಿಗೆ ಬರುವ ಎರಡು ನರಗಳನ್ನು ಹೋಲಿಸುತ್ತೇವೆ. ಒಂದೇ ದೂರಕ್ಕೆ ಅರ್ಧ ಮಿಲಿಸೆಕೆಂಡಿನಷ್ಟು ವ್ಯತ್ಯಾಸ ಬಂದರೂ ಅನುಮಾನ ಗಟ್ಟಿಯಾಗುತ್ತದೆ.

ಅಳತೆಪಟ್ಟಿ ಇಡುವಾಗ ಕೈ ಅಲ್ಲಾಡಿಸಬೇಡಿ ಎನ್ನುವುದು ಇದಕ್ಕೇ. ಒಂದು ಸೆಂಟಿಮೀಟರ್ ತಪ್ಪಿದರೆ ಮೇಲಿನ ಲೆಕ್ಕದಲ್ಲಿ ವೇಗ ಎರಡು ಮೀಟರಿಗೂ ಹೆಚ್ಚು ಬದಲಾಗುತ್ತದೆ.

ಆರನೇ ಹೆಜ್ಜೆ: ಸೂಜಿಯ ಭಾಗ

ಈ ಸೂಜಿಯಿಂದ ಔಷಧಿ ಒಳಹೋಗುವುದಿಲ್ಲ. ಒಬ್ಬರಿಗೆ ಬಳಸಿ ಎಸೆಯುವ ಸೂಜಿ, ನಿಮ್ಮೆದುರೇ ಪೊಟ್ಟಣ ಒಡೆಯುವುದನ್ನು ನೋಡಿ. ಚುಚ್ಚುವಾಗ ಇರುವೆ ಕಚ್ಚಿದಷ್ಟು ನೋವು, ಒಳಗೆ ಸರಿಸುವಾಗ ಒಂದು ಬಗೆಯ ಸೆಳೆತ. ಅಂಗೈಯ ಸಣ್ಣ ಸ್ನಾಯುಗಳಲ್ಲಿ ತುಸು ಹೆಚ್ಚು.

ವೈದ್ಯರು ಮೊದಲು ‘ಪೂರ್ತಿ ಸಡಿಲ ಬಿಡಿ’ ಎನ್ನುತ್ತಾರೆ. ವಿಶ್ರಾಂತಿಯಲ್ಲಿರುವ ಆರೋಗ್ಯವಂತ ಸ್ನಾಯು ಮೌನವಾಗಿರುತ್ತದೆ. ನರದ ಸಂಪರ್ಕ ಕಳೆದುಕೊಂಡ ಸ್ನಾಯುವಿನಲ್ಲಿ ಒಂದೊಂದು ಎಳೆಯೂ ತನ್ನಷ್ಟಕ್ಕೆ ಮಿಡಿಯುತ್ತಿರುತ್ತದೆ. ಯಂತ್ರದ ಸ್ಪೀಕರಿನಲ್ಲಿ ಅದು ತಗಡಿನ ಮಾಡಿನ ಮೇಲೆ ಮಳೆಹನಿ ಬಿದ್ದಂತೆ ಟಪ್ ಟಪ್ ಎಂದು ಕೇಳುತ್ತದೆ. ಪರದೆ ನೋಡುವ ಮೊದಲೇ ಅನುಭವಿ ವೈದ್ಯರ ಕಿವಿ ಅದನ್ನು ಹಿಡಿದುಬಿಡುತ್ತದೆ. ಆಮೇಲೆ ‘ನಿಧಾನವಾಗಿ ಬಿಗಿಮಾಡಿ’ ಎನ್ನುತ್ತಾರೆ. ಪೂರ್ತಿ ಶಕ್ತಿ ಹಾಕಬೇಡಿ, ಹೇಳಿದಷ್ಟೇ ಮಾಡಿ. ನರ ಕೆಟ್ಟಿದ್ದರೆ ಅಲೆಗಳು ದೊಡ್ಡದಾಗಿ ವಿರಳವಾಗಿ ಬರುತ್ತವೆ. ಸ್ನಾಯುವೇ ಕೆಟ್ಟಿದ್ದರೆ ಸಣ್ಣ ಸಣ್ಣ ಅಲೆಗಳು ಬೇಗನೆ ಗುಂಪುಗೂಡುತ್ತವೆ. ಈ ಭೇದ ತಿಳಿಯಲು ನಿಮ್ಮ ಸಹಕಾರ ಬೇಕೇ ಬೇಕು. ನೋವಿಗೆ ಹೆದರಿ ಬಿಗಿಮಾಡದವರ ಪರೀಕ್ಷೆ ಅರ್ಧಕ್ಕೆ ನಿಂತಂತೆಯೇ.

ಸೊಂಟದಿಂದ ಕಾಲಿಗೆ ಎಳೆಯುವ ನೋವಿನವರು ಒಂದು ಮಾತು ಗಮನಿಸಿ. ಬೆನ್ನುಮೂಳೆಯ ಬಳಿ ನರದ ಬೇರು ಒತ್ತಿಕೊಂಡಾಗ ಕಾಲಿನ ಸ್ಪರ್ಶ ನರದ ಎನ್‌ಸಿಎಸ್ ಸಾಮಾನ್ಯವಾಗಿ ಸಹಜವಾಗಿಯೇ ಬರುತ್ತದೆ, ಏಕೆಂದರೆ ಆ ತಂತುಗಳ ಜೀವಕೋಶಗಳು ಒತ್ತಡದ ಜಾಗಕ್ಕಿಂತ ಹೊರಗಿರುತ್ತವೆ. ಸೂಜಿಯೇ ಅಲ್ಲಿ ಸುಳಿವು ಕೊಡುವುದು. ‘ಕರೆಂಟಿನದ್ದು ಸಾಕು, ಸೂಜಿ ಬೇಡ’ ಎಂದು ಎದ್ದು ಹೋದರೆ ಬಂದ ಉದ್ದೇಶವೇ ಕೈತಪ್ಪುತ್ತದೆ. ಎಂಆರ್‌ಐ ಇದ್ದರೂ ಇದು ಏಕೆ ಎಂದು ಕೇಳುವವರಿದ್ದಾರೆ. ಎಂಆರ್‌ಐ ಡಿಸ್ಕ್ ಎಲ್ಲಿ ಉಬ್ಬಿದೆ ಎಂದು ತೋರಿಸುತ್ತದೆ, ಆ ಉಬ್ಬಿನಿಂದ ನರಕ್ಕೆ ಏನಾಗಿದೆ ಎಂದು ಇದು ಹೇಳುತ್ತದೆ.

ಏಳನೇ ಹೆಜ್ಜೆ: ವರದಿಯನ್ನು ಹೇಗೆ ನೋಡಬೇಕು

ವರದಿಯಲ್ಲಿ ಮೂರು ಅಂಕಣ ಹುಡುಕಿ. ಲೇಟೆನ್ಸಿ ಎಂದರೆ ಉತ್ತರ ಬರಲು ಹಿಡಿದ ಹೊತ್ತು. ಆಂಪ್ಲಿಟ್ಯೂಡ್ ಎಂದರೆ ಉತ್ತರದ ಎತ್ತರ. ಮೂರನೆಯದು ವೇಗ. ಕೈಯಲ್ಲಿ ವೇಗ ಸೆಕೆಂಡಿಗೆ ಸುಮಾರು 50 ಮೀಟರ್, ಕಾಲಿನಲ್ಲಿ ಸುಮಾರು 40 ಮೀಟರ್‌ಗಿಂತ ಮೇಲಿರುವುದು ಸಾಮಾನ್ಯ. ವಯಸ್ಸು ಹೆಚ್ಚಿದಂತೆ ಸ್ವಲ್ಪ ಇಳಿಯುತ್ತದೆ, ಒಂದೊಂದು ಪ್ರಯೋಗಾಲಯದ ಮಿತಿ ಒಂದೊಂದು ಬಗೆ. ‘ಆಕ್ಸಾನಲ್’ ಎಂದಿದ್ದರೆ ತಂತುಗಳೇ ಸತ್ತು ಎತ್ತರ ಕುಸಿದಿದೆ ಎಂದರ್ಥ. ‘ಡಿಮೈಲಿನೇಟಿಂಗ್’ ಎಂದಿದ್ದರೆ ತಂತುಗಳ ಮೇಲಿನ ಮೈಲಿನ್ ಪೊರೆ ಕೆಟ್ಟು ವೇಗ ಇಳಿದಿದೆ. ಚಿಕಿತ್ಸೆಯ ದಾರಿ ಎರಡಕ್ಕೂ ಬೇರೆಯಾಗಬಹುದು, ಹಾಗಾಗಿ ಆ ಒಂದು ಪದ ತುಂಬಾ ಮುಖ್ಯ.

ವರದಿ ‘ಸಹಜ’ ಎಂದು ಬಂದರೆ ನಿಮ್ಮ ಉರಿ ಸುಳ್ಳು ಎಂದು ಯಾರೂ ಹೇಳಬಾರದು. ಈ ಯಂತ್ರ ದಪ್ಪ ತಂತುಗಳನ್ನು ಮಾತ್ರ ಅಳೆಯುತ್ತದೆ. ಉರಿ, ಬಿಸಿ ತಣ್ಣಗಿನ ಅರಿವು ಸಾಗಿಸುವ ಸಣ್ಣ ತಂತುಗಳು ಇದಕ್ಕೆ ಕಾಣುವುದಿಲ್ಲ. ಸಕ್ಕರೆ ಕಾಯಿಲೆಯವರಲ್ಲಿ ಮೊದಲು ಕೆಡುವುದು ಅನೇಕ ಸಲ ಈ ಸಣ್ಣ ತಂತುಗಳೇ. ಅಂಗಾಲಿನ ಉರಿಯಿಂದ ರಾತ್ರಿಯಿಡೀ ಕಾಲನ್ನು ತಣ್ಣನೆಯ ನೆಲಕ್ಕೆ ತಾಗಿಸಿ ಮಲಗುವವರಿಗೆ ‘ನಿಮಗೇನೂ ಇಲ್ಲ’ ಎಂದರೆ ಅದು ಎರಡನೇ ನೋವು. ಅಂಥವರು ವರದಿ ಹಿಡಿದು ವೈದ್ಯರ ಬಳಿ ಮರಳಿ ಹೋಗಲೇಬೇಕು.

ಆಮೇಲೆ

ಸೂಜಿ ಹಾಕಿದಲ್ಲಿ ಒಂದೆರಡು ದಿನ ಮೈಕೈ ನೋವಿನಂಥ ನೋವು, ಸಣ್ಣ ನೀಲಿ ಕಲೆ ಇರಬಹುದು. ತಣ್ಣನೆಯ ಬಟ್ಟೆ ಒತ್ತಿ, ತಿಕ್ಕಬೇಡಿ. ಅಂದೇ ಸ್ಕೂಟರ್ ಓಡಿಸಬಹುದು, ಕೆಲಸಕ್ಕೂ ಹೋಗಬಹುದು. ಜಾಗ ಕೆಂಪಾಗಿ ಬಾತರೆ, ಜ್ವರ ಬಂದರೆ, ಅಥವಾ ಎದೆಯ ಹತ್ತಿರ ಸೂಜಿ ಹಾಕಿದ ಮೇಲೆ ಉಸಿರು ಕಟ್ಟಿದಂತಾದರೆ ತಕ್ಷಣ ಆಸ್ಪತ್ರೆಗೆ ಬನ್ನಿ. ಮುಂದೆ ಸ್ನಾಯುವಿನ ತುಣುಕು ತೆಗೆದು ಪರೀಕ್ಷಿಸುವ ಮಾತು ಬಂದರೆ ಯಾವ ಸ್ನಾಯುವಿಗೆ ಸೂಜಿ ಹಾಕಿತ್ತು ಎಂದು ಆ ವೈದ್ಯರಿಗೆ ತಿಳಿಸಿ. ಅವರು ಇನ್ನೊಂದು ಬದಿಯದನ್ನು ಆರಿಸಿಕೊಳ್ಳುತ್ತಾರೆ.

ಕೊನೆಯ ಪುಟದ ‘ಅಭಿಪ್ರಾಯ’ ಒಂದನ್ನೇ ಫೋಟೊ ಹೊಡೆದುಕೊಂಡು ಉಳಿದ ಹಾಳೆಗಳನ್ನು ಕಳೆದುಕೊಳ್ಳಬೇಡಿ. ಅಂಕಿಗಳೂ ಅಲೆಗಳ ಚಿತ್ರಗಳೂ ಇರುವ ಎಲ್ಲ ಪುಟಗಳನ್ನೂ ತೆಗೆದಿಡಿ. ಆರು ತಿಂಗಳ ನಂತರ ಮತ್ತೆ ಪರೀಕ್ಷೆ ಬರೆದುಕೊಟ್ಟರೆ ಸಾಧ್ಯವಿದ್ದಷ್ಟು ಮಟ್ಟಿಗೆ ಅದೇ ಜಾಗಕ್ಕೆ ಹೋಗಿ, ಹಳೆಯ ಹಾಳೆಗಳನ್ನು ಯಂತ್ರದ ಎದುರು ಕುಳಿತವರ ಕೈಗೇ ಕೊಡಿ. ಅವರು ಅದೇ ನರಗಳನ್ನು, ಅದೇ ಜಾಗಗಳಲ್ಲಿ, ಅದೇ ದೂರಕ್ಕೆ ಅಳೆದು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಮಾತ್ರ ನರ ಚೇತರಿಸಿಕೊಳ್ಳುತ್ತಿದೆಯೇ ಇಲ್ಲವೇ ಎಂದು ಹೇಳಲು ಸಾಧ್ಯ.